ಜನಮತದ ಒರೆಗಲ್ಲಿನಲ್ಲಿ ಶ್ರೀ ನಿಜಲಿಂಗಪ್ಪನವರು

ಚುನಾವಣೆಯಲ್ಲಿ ಗೆದ್ದವರ ಹೆಸರು ಕೆಲಕಾಲವಾದರೂ ಊರ ಬಾಯಲ್ಲಿ ನಿಲ್ಲುತ್ತದೆ. ಸೋತವರನ್ನು ಮುಂದಿನ ಸುಗ್ಗಿಯೊಳಗೆ ಜನ ಮರೆತುಬಿಡುತ್ತಾರೆ. ಶ್ರೀ ಎಸ್. ನಿಜಲಿಂಗಪ್ಪನವರ ವಿಷಯದಲ್ಲಿ ಮಾತ್ರ ಈ ಲೋಕರೂಢಿ ತಲೆಕೆಳಗಾಗಿದೆ. ಅವರು ಗೆದ್ದ ಚುನಾವಣೆಗಳನ್ನು ಬಲ್ಲವರು ಈಗ ವಿರಳ. 1962ರಲ್ಲಿ ಅವರು ಸೋತುದನ್ನು ಮತ್ತು ಆ ಸೋಲಿನ ಬೆನ್ನಿಗೆ ನಡೆದುದನ್ನು ಮಾತ್ರ ಕನ್ನಡನಾಡಿನ ಹಿರಿಯರು ಮರೆತಿಲ್ಲ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯೆನಿಸಿದವರನ್ನು ಅವರ ಸ್ವಂತ ಜಿಲ್ಲೆಯ ಮತದಾರರು ಕೈಬಿಟ್ಟರು; ಅದುವರೆಗೆ ಬೇರೊಂದು ಪ್ರಾಂತ್ಯವೆನಿಸಿದ್ದ ಬಿಜಾಪುರ ಜಿಲ್ಲೆಯವರು ಕೈಹಿಡಿದೆತ್ತಿದರು. ನಾಡು ಒಂದಾಯಿತೆಂಬುದಕ್ಕೆ ಶಾಸನಗಳಲ್ಲಿಯೂ ನಕಾಶೆಗಳಲ್ಲಿಯೂ ಸಿಗದ ಸಾಕ್ಷ್ಯವೊಂದು ಈ ಪ್ರಸಂಗದಲ್ಲಿ ಅಡಗಿದೆ. ಅವರ ಜೀವಿತವನ್ನು ಆ ಕಡೆಯಿಂದ ನೋಡುವುದು ಉಚಿತವಾಗಿದೆ.

ಅವರು ಹುಟ್ಟಿದುದು 1902ನೆಯ ಇಸವಿ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ. ಹೆಸರಿನ ಹಿಂದಿರುವ ಅಕ್ಷರ ಸಿದ್ದವ್ವನಹಳ್ಳಿಯದು. ಹರಪನಹಳ್ಳಿ ಸೀಮೆಯ ಅಂದಿನ ಸ್ಥಿತಿಯನ್ನು ಇಂದಿನ ಓದುಗರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಆ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಮದರಾಸು ಆಧಿಪತ್ಯದ ಆಳಿಕೆಯಲ್ಲಿದ್ದಿತು. ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರಿನ ಸೀಮೆ. ಅದು ಮುಂಬಯಿ ಆಧಿಪತ್ಯ. ದಕ್ಷಿಣಕ್ಕೆ ದಾವಣಗೆರೆಯ ಕಡೆ ಹೊರಟರೆ ಮೈಸೂರು ಮಹಾರಾಜರ ರಾಜ್ಯ. ಒಂದು ದಿವಸದ ಗಾಡಿಪ್ರಯಾಣದಲ್ಲಿ ಮೂರು ಸರಕಾರಗಳನ್ನು ಕಂಡುಬರಬಹುದಾಗಿದ್ದಿತು. ಮೂರರಲ್ಲಿಯೂ ಜನ ಆಡುವ ಮಾತು ಒಂದೇ. ಬಿತ್ತುವ ಜೋಳ ಒಂದೇ. ಹೆಣ್ಣು ಕೊಟ್ಟು ತರುವ ಬಂಧುತ್ವವೂ ಗಡಿಯನ್ನು ಲೆಕ್ಕಿಸದೆ ನಡೆದುಬಂದಿದ್ದಿತು. ಕಂದಾಯ ಕಟ್ಟುವ ಕಚೇರಿ ಮತ್ತು ನ್ಯಾಯ ಕೇಳುವ ಚಾವಡಿ ಮಾತ್ರ ಬೇರೆ ಬೇರೆ. ಏಕೀಕರಣವೆಂಬ ಶಬ್ದವನ್ನು ಕೇಳುವುದಕ್ಕೆ ಮುಂಚೆಯೇ ಅದರ ಅಗತ್ಯವನ್ನು ಕಣ್ಣಾರೆ ಕಂಡು ಬೆಳೆದ ಬಾಲಕ ಇವರು.

ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರ ಓದು ದಾವಣಗೆರೆ ಚಿತ್ರದುರ್ಗಗಳಲ್ಲಿ ನಡೆಯಿತು. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ. ಎ. ಪದವಿಯನ್ನು ಪಡೆದು, ಪುಣೆಗೆ ಹೋಗಿ 1926ರಲ್ಲಿ ಕಾನೂನಿನ ಪದವೀಧರರಾದರು. ಆ ನಡುವೆ 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಮಹಾಧಿವೇಶನ ಜರುಗಿತು. ಗಾಂಧೀಜಿಯವರು ಅಧ್ಯಕ್ಷಪೀಠವನ್ನು ಅಲಂಕರಿಸಿದ ಏಕಮಾತ್ರ ಅಧಿವೇಶನವದು. ಹಲವು ಆಡಳಿತಗಳ ಕೆಳಗೆ ಹಂಚಿಹೋಗಿದ್ದ ಕನ್ನಡಿಗರು ಒಂದೇ ಮಂಟಪದಡಿ ಕುಳಿತು ಪರಸ್ಪರ ಮುಖ ನೋಡಿದುದು ಅಲ್ಲಿಯೇ. ತರುಣ ನಿಜಲಿಂಗಪ್ಪನವರೂ ಆ ಜನಸಾಗರದಲ್ಲಿದ್ದರು. ಓದು ಮುಗಿಸಿ ಬಂದು ಚಿತ್ರದುರ್ಗದಲ್ಲಿ ವಕೀಲಿ ಹಿಡಿದರು. ಮನೆತನ ಸಾಗಿಸುವುದಕ್ಕೆ ಬೇಕಾದ ಆದಾಯವೂ, ಊರಿನಲ್ಲಿ ಗೌರವವೂ ಆ ಕಸುಬಿನಿಂದ ಬಂದಿದ್ದಿತು. ಹಾಗೆಯೇ ಇದ್ದಿದ್ದರೆ ಚಿತ್ರದುರ್ಗದ ನ್ಯಾಯಾಲಯದ ದಾಖಲೆಗಳಲ್ಲಿ ಒಬ್ಬ ಒಳ್ಳೆಯ ವಕೀಲರ ಹೆಸರಾಗಿ ಉಳಿಯುತ್ತಿದ್ದರು.

1939ರಲ್ಲಿ ಮೈಸೂರು ಕಾಂಗ್ರೆಸ್ಸು ಅರಣ್ಯ ಸತ್ಯಾಗ್ರಹವನ್ನು ಕೈಗೊಂಡಿತು. ಚಿತ್ರದುರ್ಗದ ಸಮೀಪದ ತುರುವನೂರು ಅದರ ಕೇಂದ್ರವಾಯಿತು. ಸರಕಾರದ ಅರಣ್ಯದಲ್ಲಿದ್ದ ಈಚಲ ಮರಗಳನ್ನು ಕಡಿಯುವುದು ಅಲ್ಲಿಯ ಸತ್ಯಾಗ್ರಹದ ಕ್ರಮ. ಸೇಂದಿಯಿಂದ ಬರುವ ಉತ್ಪನ್ನ ರಾಜ್ಯದ ಬೊಕ್ಕಸಕ್ಕೆ ಬಹು ಮುಖ್ಯವಾಗಿದ್ದುದರಿಂದ ಆ ಮರಕ್ಕೆ ಬಿದ್ದ ಕೊಡಲಿ ನೇರವಾಗಿ ಸರಕಾರಕ್ಕೇ ತಗಲಿತು. ಹಳ್ಳಿಯ ಕುಡಿತದ ಬೇರನ್ನೂ, ಜವಾಬ್ದಾರಿಯಿಲ್ಲದ ಆಡಳಿತದ ಬೇರನ್ನೂ ಒಟ್ಟಿಗೆ ಕೀಳುವ ಉಪಾಯವಿದು. ನಿಜಲಿಂಗಪ್ಪನವರು ಈ ಸತ್ಯಾಗ್ರಹದ ಮುಂದಾಳುಗಳಾಗಿ ನಿಂತು ಸೆರೆಮನೆಗೆ ಹೋದರು. ಅವರ ವಕೀಲಿಯ ಸನ್ನದು ರದ್ದಾಯಿತು. ಅನ್ನದ ದಾರಿಯನ್ನು ಸತ್ಯಾಗ್ರಹಕ್ಕೆ ತೆತ್ತ ಮೇಲೆ ಸಾರ್ವಜನಿಕ ಜೀವನವೊಂದೇ ಅವರ ಕಾಯಕವಾಯಿತು. ತುರುವನೂರಿನ ಈಚಲ ಮರಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಚರಿತ್ರೆಯಲ್ಲಿ ಅವು ಮತ್ತೊಮ್ಮೆ ಕಾಣಿಸಿಕೊಳ್ಳಲಿವೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಅವರು ಭಾರತದ ಸಂವಿಧಾನ ಸಭೆಯ ಸದಸ್ಯರಾದರು. ಇಲ್ಲಿಯೂ ಒಂದು ಸ್ವಾರಸ್ಯವಿದೆ. ಮದರಾಸು ಪ್ರಾಂತ್ಯದಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದಲ್ಲಿ ನೆಲಸಿದ ಈ ಗೃಹಸ್ಥರು ಸಂವಿಧಾನ ಸಭೆಯಲ್ಲಿ ಕುಳಿತುದು ಮುಂಬಯಿ ಪ್ರಾಂತ್ಯದ ಪ್ರತಿನಿಧಿಗಳ ಸಾಲಿನಲ್ಲಿ. ಕಾಂಗ್ರೆಸ್ ಸಂಸ್ಥೆಯು 1920ರ ನಾಗಪುರ ಅಧಿವೇಶನದಂದೇ ಭಾಷಾವಾರು ಪ್ರದೇಶ ಸಮಿತಿಗಳನ್ನು ಒಪ್ಪಿಕೊಂಡಿದ್ದಿತು. ಆದುದರಿಂದ ಸರಕಾರದ ನಕಾಶೆಯಲ್ಲಿ ಇಲ್ಲದ ಕರ್ನಾಟಕವೊಂದು ಕಾಂಗ್ರೆಸ್ಸಿನ ಕಡತದಲ್ಲಿ ಇದ್ದಿತು. ಆ ಕರ್ನಾಟಕದ ಪ್ರದೇಶ ಸಮಿತಿಗೆ ನಿಜಲಿಂಗಪ್ಪನವರು 1946ರಿಂದ ಹಲವು ವರ್ಷ ಅಧ್ಯಕ್ಷರಾಗಿದ್ದರು. ಹಲುವಾಗಲಿನಲ್ಲಿ ಬಾಲಕನಾಗಿ ಕಂಡ ಗಡಿಗಳನ್ನು ಈಗ ಪಕ್ಷದ ಅಧ್ಯಕ್ಷರಾಗಿ ದಿನದಿನವೂ ದಾಟುವ ಪಾಳಿ ಅವರದಾಯಿತು.

1952ರ ಪ್ರಥಮ ಮಹಾಚುನಾವಣೆಯಲ್ಲಿ ಅವರು ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಪ್ರಾಪ್ತವಯಸ್ಕರೆಲ್ಲರಿಗೂ ಮತಾಧಿಕಾರ ಬಂದ ಮೊದಲ ಚುನಾವಣೆಯದು. ಅದೇ ವೇಳೆಗೆ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ದೊರೆತಿದ್ದುವು. ಗೆಲುವು ಆ ಕಾಲದಲ್ಲಿ ಕಾಂಗ್ರೆಸ್ಸಿನ ಉಮೇದುವಾರರಿಗೆ ಅಷ್ಟೇನೂ ದುರ್ಲಭವಾಗಿರಲಿಲ್ಲ. ನಿಜವಾದ ಪರೀಕ್ಷೆ ಬೇರೆಡೆ ಕಾದಿದ್ದಿತು.

ಏಕೀಕರಣವನ್ನು ಪಕ್ಷವು ತತ್ತ್ವದಲ್ಲಿ ಒಪ್ಪಿದ್ದರೂ ದಿಲ್ಲಿಯ ಸರಕಾರ ಕಾಲವನ್ನು ಮುಂದೂಡುತ್ತಿದ್ದಿತು. 1953ರ ವಸಂತದಲ್ಲಿ ಅದರಗುಂಚಿಯ ಶ್ರೀ ಶಂಕರಗೌಡ ಪಾಟೀಲರು ಉಪವಾಸ ಹಿಡಿದರು. ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಪ್ರದೇಶ ಸಮಿತಿಯ ಸಭೆ ಸೇರಿದಾಗ ಜನರ ತಾಳ್ಮೆ ಕಟ್ಟೊಡೆದು ಗಲಭೆಯಾಯಿತು. ಮುಖಂಡರು ತಮ್ಮ ತಮ್ಮ ಪದವಿಗಳನ್ನು ಬಿಟ್ಟು ಹೊರಬರಬೇಕೆಂಬುದು ಜನರ ಕೂಗು. ದಿಲ್ಲಿಯಲ್ಲಿ ವಾದಿಸಬೇಕಾದರೆ ಪದವಿ ಬೇಕು. ಹುಬ್ಬಳ್ಳಿಯಲ್ಲಿ ಮುಖವೆತ್ತಬೇಕಾದರೆ ಪದವಿಯನ್ನು ಬಿಡಬೇಕು. ಇಂತಹ ಇಕ್ಕಟ್ಟಿನಲ್ಲಿ ನಿಜಲಿಂಗಪ್ಪನವರು ಸಂಧಾನದ ಮಾರ್ಗವನ್ನೇ ಹಿಡಿದರು. ಆಗ ಅದು ಅಂಜುಬುರುಕತನವೆಂದು ಅನೇಕರಿಗೆ ತೋರಿತು. ಫಲ ಬಂದ ಮೇಲೆ ಅದೇ ದೂರದೃಷ್ಟಿಯೆನಿಸಿತು. ಸತ್ಯವು ಇವೆರಡರ ನಡುವೆ ಎಲ್ಲಿಯೋ ಇದ್ದೀತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಹರಪನಹಳ್ಳಿಯೂ ಅವುಗಳಲ್ಲಿ ಒಂದು. ಅವರ ಐವತ್ತನೆಯ ವಯಸ್ಸಿನಲ್ಲಿ ಅವರ ಹುಟ್ಟೂರೂ ನೆಲಸಿದ ಊರೂ ಒಂದೇ ರಾಜ್ಯದೊಳಗೆ ಬಂದುವು.

ಅದೇ ಡಿಸೆಂಬರ್‌ನಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಎರಡು ವರ್ಷಗಳ ತರುವಾಯ ವರದಿ ಬಂದಾಗ ವಿರೋಧವು ಹೊರಗಿನವರಿಗಿಂತ ಮನೆಯವರಿಂದಲೇ ಎದ್ದಿತು. ಹಳೆಯ ಮೈಸೂರಿನಲ್ಲಿ ಅಣೆಕಟ್ಟುಗಳಿದ್ದುವು, ವಿದ್ಯುಚ್ಛಕ್ತಿಯಿದ್ದಿತು, ಕಾರಖಾನೆಗಳಿದ್ದುವು, ದಿವಾನರು ಕಟ್ಟಿದ ಆಡಳಿತದ ಶಿಸ್ತು ಇದ್ದಿತು. ಬರಗಾಲಕ್ಕೆ ತುತ್ತಾದ ಬಿಜಾಪುರವನ್ನೂ ನಿಜಾಮರ ಆಳಿಕೆಯಲ್ಲಿ ಬಡವಾದ ರಾಯಚೂರು ಗುಲ್ಬರ್ಗಗಳನ್ನೂ ಸೇರಿಸಿಕೊಂಡರೆ ಈ ಸಂಪತ್ತು ಹಂಚಿಹೋದೀತೆಂಬ ಭಯ ಹಲವರನ್ನು ಕಾಡಿತು. ಒಕ್ಕಲಿಗರ ಪ್ರಾಬಲ್ಯ ತಗ್ಗಿ ಲಿಂಗಾಯತರ ಪ್ರಾಬಲ್ಯ ಹೆಚ್ಚೀತೆಂಬ ಲೆಕ್ಕಾಚಾರವೂ ಅದರ ಒಳಗಿದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆಗ ಮುಖ್ಯಮಂತ್ರಿಗಳಾಗಿದ್ದ ಶ್ರೀ ಕೆಂಗಲ್ ಹನುಮಂತಯ್ಯನವರು ತಮ್ಮ ಬೆಂಬಲಿಗರ ಮುನಿಸನ್ನು ಕಟ್ಟಿಕೊಂಡೇ ಏಕೀಕರಣದ ಪಕ್ಷ ವಹಿಸಿದರು. ನಿಜಲಿಂಗಪ್ಪನವರ ಚರಿತ್ರೆಯನ್ನು ಬರೆಯುವಾಗ ಹನುಮಂತಯ್ಯನವರಿಗೆ ಸಲ್ಲಬೇಕಾದುದನ್ನು ಸಲ್ಲಿಸದಿದ್ದರೆ ಅನ್ಯಾಯವಾದೀತು. ರಾಜ್ಯ ಹಿಗ್ಗಿದುದರಿಂದ ಒಬ್ಬರಿಗೆ ಪದವಿ ಬಂದಿತು, ಇನ್ನೊಬ್ಬರಿಗೆ ಇದ್ದ ನೆಲೆಯೂ ಸಡಿಲವಾಯಿತು.

1956ರ ನವೆಂಬರ್ 1ರಂದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ನೂತನ ರಾಜ್ಯವನ್ನು ಉದ್ಘಾಟಿಸಿದರು. ಹತ್ತೊಂಬತ್ತು ಜಿಲ್ಲೆಗಳ ಆ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಉಳಿಯಿತು. ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಶ್ರೀ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಐದು ಬಗೆಯ ಕಂದಾಯ ಪದ್ಧತಿ, ಐದು ಬಗೆಯ ನೌಕರರ ಶ್ರೇಣಿ, ಐದು ಬಗೆಯ ಶಾಲಾಪಠ್ಯ. ಕಚೇರಿಯ ಕಡತಗಳು ಒಂದೆಡೆ ಕನ್ನಡದಲ್ಲಿ, ಒಂದೆಡೆ ಮರಾಠಿಯಲ್ಲಿ, ಒಂದೆಡೆ ಉರ್ದುವಿನಲ್ಲಿ. ಇವನ್ನೆಲ್ಲ ಒಂದು ಹದಕ್ಕೆ ತರುವ ಕೆಲಸ ಮೆರವಣಿಗೆಗಳಷ್ಟು ಸೊಗಸಿನದಲ್ಲ. ಬೆಳಗಾವಿಯ ಗುಮಾಸ್ತನಿಗೂ ಬೀದರಿನ ಗುಮಾಸ್ತನಿಗೂ ಬಡ್ತಿಯಲ್ಲಿ ಯಾರು ಹಿರಿಯರೆಂಬ ಪ್ರಶ್ನೆಯೇ ವರ್ಷಗಟ್ಟಲೆ ತಲೆನೋವಾಯಿತು.

1957ರ ಚುನಾವಣೆಯಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಕ್ಷೇತ್ರದಿಂದ ವಿಧಾನಸಭೆಗೆ ಬಂದರು. 208 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 150 ದೊರೆತುವು. ಇಷ್ಟು ದೊಡ್ಡ ಬಹುಮತವು ಪಕ್ಷಕ್ಕೆ ಶಾಂತಿಯನ್ನು ತರಲಿಲ್ಲ. ಎದುರಾಳಿ ದುರ್ಬಲನಾದಾಗ ಮನೆಯೊಳಗಿನ ಜಗಳ ಬಲಿಯುವುದು ಸಹಜ. ಭಿನ್ನಮತ ಬೆಳೆದು, 1958ರ ಮೇ ತಿಂಗಳಲ್ಲಿ ಅವರು ಅಧಿಕಾರವನ್ನು ತ್ಯಜಿಸಬೇಕಾಯಿತು. ಜಮಖಂಡಿಯ ಶ್ರೀ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. ಮುಂದಿನ ನಾಲ್ಕು ವರ್ಷ ಪಕ್ಷವು ಒಳಗೊಳಗೇ ಎರಡು ಪಂಗಡವಾಗಿ ಸಾಗಿತು. ಇದರಲ್ಲಿ ನಿಜಲಿಂಗಪ್ಪನವರೂ ನಿರ್ಲಿಪ್ತರಾಗಿದ್ದವರಲ್ಲ.

ಇನ್ನು 1962ರ ಸಂಗತಿ. ಆ ವರ್ಷ ಫೆಬ್ರುವರಿಯಲ್ಲಿ ನಡೆದ ಚುನಾವಣೆಯಲ್ಲಿ ಅವರು ಹೊಸದುರ್ಗ ಕ್ಷೇತ್ರದಲ್ಲಿ ನಿಂತರು. ಎದುರಿಗೆ ಪ್ರಜಾ ಸಮಾಜವಾದಿ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರು. ಹೊಸದುರ್ಗವು ಚಿತ್ರದುರ್ಗ ಜಿಲ್ಲೆಯದೇ. ಅವರು ವಕೀಲಿ ಮಾಡಿದ, ಸೆರೆಮನೆಗೆ ಹೋದ, ಲೋಕಸಭೆಗೆ ಆಯ್ಕೆಯಾದ ಜಿಲ್ಲೆ. ಕಾಂಗ್ರೆಸ್ಸು ರಾಜ್ಯದಲ್ಲಿ 138 ಸ್ಥಾನಗಳನ್ನು ಗೆದ್ದಿತು. ನಿಜಲಿಂಗಪ್ಪನವರು ಸೋತರು. ದಂಡು ಗೆದ್ದಿತು, ದಳವಾಯಿ ಬಿದ್ದನು ಎಂಬಂತಾಯಿತು. ರಾಜ್ಯದ ಭಾವೀ ಮುಖ್ಯಮಂತ್ರಿಯೆಂದು ಎಲ್ಲರೂ ಎಣಿಸಿದ್ದವರನ್ನು ಹೊಸದುರ್ಗದ ರೈತರು ಒಬ್ಬ ಉಮೇದುವಾರನೆಂದಷ್ಟೇ ಎಣಿಸಿದರು. ಪ್ರಜಾಪ್ರಭುತ್ವದಲ್ಲಿ ಮತದಾರನಿಗೆ ಇರುವ ಏಕೈಕ ವೈಭವವೂ ಇದೇ.

ಸಂವಿಧಾನದ ಪ್ರಕಾರ ಶಾಸನಸಭೆಯ ಸದಸ್ಯರಲ್ಲದವರೂ ಆರು ತಿಂಗಳವರೆಗೆ ಮಂತ್ರಿಪದವಿಯಲ್ಲಿರಬಹುದು. ಅಷ್ಟರೊಳಗೆ ಆಯ್ಕೆಯಾದರೆ ಸಾಕು. ಆದುದರಿಂದ ಸೋತವರೇ ನೇರವಾಗಿ ಗದ್ದುಗೆಯೇರುವುದಕ್ಕೆ ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಅಡ್ಡಿ ಇದ್ದುದು ಮರ್ಯಾದೆಯದು. ಜನರು ಬೇಡವೆಂದು ಹೇಳಿದ ಮರುವಾರವೇ ಜನರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸುವುದು ಸೊಗಸದೆಂಬ ಭಾವನೆ ಆ ಕಾಲಕ್ಕೆ ಇನ್ನೂ ಬದುಕಿದ್ದಿತು. ಜತ್ತಿಯವರ ಪುನರಾಯ್ಕೆಗೆ ಪಕ್ಷದಲ್ಲಿ ಒಮ್ಮತವಿರಲಿಲ್ಲ. ಕೊನೆಗೆ ಹುನಗುಂದದಿಂದ ಆಯ್ಕೆಯಾಗಿದ್ದ, ಹಿಂದೆ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದ ಶ್ರೀ ಎಸ್. ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು.

ಕಂಠಿಯವರು ಆ ಪದವಿಯಲ್ಲಿದ್ದುದು ಮೂರು ತಿಂಗಳಿಗೆ ಸ್ವಲ್ಪ ಮೇಲ್ಪಟ್ಟ ಕಾಲ ಮಾತ್ರ. ನಿಜಲಿಂಗಪ್ಪನವರು ಸಭೆಗೆ ಬಂದೊಡನೆ ಸ್ಥಾನವನ್ನು ಬಿಟ್ಟುಕೊಡುವುದೆಂಬ ಒಪ್ಪಂದದ ಮೇಲೆಯೇ ಅವರು ಅದನ್ನು ವಹಿಸಿಕೊಂಡಿದ್ದರು. ಇಂತಹ ಒಪ್ಪಂದಗಳು ಎಷ್ಟು ಬಾಳುತ್ತವೆಯೆಂಬುದನ್ನು ರಾಜಕಾರಣ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮುಖ್ಯಮಂತ್ರಿಯ ಕೈಯಲ್ಲಿ ಖಾತೆಗಳಿರುತ್ತವೆ. ಖಾತೆಗಳ ಸುತ್ತ ಶಾಸಕರಿರುತ್ತಾರೆ. ಮೂರು ತಿಂಗಳಲ್ಲಿ ಹೊಸದೊಂದು ಬಣ ಕಟ್ಟುವುದು ಕಷ್ಟದ ಕೆಲಸವೇನಲ್ಲ. ಕಂಠಿಯವರು ಹಾಗೆ ಮಾಡಲಿಲ್ಲ. ಬಾಗಿಲುಕೋಟೆಯ ಶಾಸಕರಾಗಿದ್ದ ಶ್ರೀ ಬಿ. ಟಿ. ಮುರನಾಳರು ತಾವು ಗೆದ್ದ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಜೂನ್ 21ರಂದು ಅವರು ಎರಡನೆಯ ಬಾರಿ ಮುಖ್ಯಮಂತ್ರಿಗಳಾದರು. ಮುಖ್ಯಮಂತ್ರಿಯಾಗಿದ್ದ ಕಂಠಿಯವರು ಅದೇ ಸಂಪುಟದಲ್ಲಿ ವಿದ್ಯಾಮಂತ್ರಿಗಳಾಗಿ, ತಮ್ಮ ಖಾತೆಯ ಕೆಲಸವನ್ನು ಶ್ರದ್ಧೆಯಿಂದ ನಡೆಸಿದರು. ಬಿಜಾಪುರದಲ್ಲಿ 1963ರಲ್ಲಿ ತೆರೆದ ಸೈನಿಕ ಶಾಲೆ ಅವರ ಕಾಲದ್ದು.

ಈ ಇಬ್ಬರಲ್ಲಿ ಹಿರಿಮೆ ಯಾರದೆಂಬ ಚರ್ಚೆ ಅಂದಿನಿಂದಲೂ ನಡೆದಿದೆ. ಕಾಯ್ದಿಟ್ಟು ಹಿಂದಿರುಗಿಸಿದವರ ಹಿರಿಮೆಯೆಂದು ಸಾಮಾನ್ಯವಾಗಿ ತೀರ್ಪಾಗುತ್ತದೆ. ಅದು ಯುಕ್ತವೂ ಹೌದು. ಅವಿರೋಧ ಆಯ್ಕೆಯಲ್ಲಿ ಬಾಗಿಲುಕೋಟೆಯ ಮತದಾರನು ಪೆಟ್ಟಿಗೆಯ ಬಳಿಗೆ ಹೋಗುವ ಪ್ರಸಂಗವೇ ಬರಲಿಲ್ಲವೆಂಬುದನ್ನೂ ಮರೆಯಬಾರದು. ಹೊಸದುರ್ಗದಲ್ಲಿ ಜನರೇ ಕೊಟ್ಟ ತೀರ್ಪನ್ನು ಬಾಗಿಲುಕೋಟೆಯಲ್ಲಿ ಮುಖಂಡರು ತಿದ್ದಿದರೆಂದು ಆಗ ಟೀಕಿಸಿದವರ ಮಾತನ್ನು ಪೂರ್ಣವಾಗಿ ತಳ್ಳಿಹಾಕಲಾಗದು. ಹಾಗಿದ್ದರೂ ಒಂದು ಅಂಶ ಉಳಿಯುತ್ತದೆ. ಆರು ವರ್ಷಗಳ ಹಿಂದಿನವರೆಗೆ ಬಾಗಿಲುಕೋಟೆಯು ಮುಂಬಯಿ ರಾಜ್ಯದಲ್ಲಿದ್ದಿತು. ಚಿತ್ರದುರ್ಗದಿಂದ ಬಂದವರೊಬ್ಬರನ್ನು ತಮ್ಮ ಶಾಸಕರೆಂದು ಅಲ್ಲಿಯವರು ಕರೆದುಕೊಂಡಾಗ, ಪರಸ್ಥಳದವರೆಂದು ಎದುರಿಗೆ ನಿಲ್ಲಲು ಒಬ್ಬರೂ ಮುಂದೆ ಬರಲಿಲ್ಲ. ಹಳೆಯ ಮೈಸೂರಿನವರು, ಮುಂಬಯಿ ಕರ್ನಾಟಕದವರು ಎಂಬ ಭೇದ ಕಚೇರಿಗಳಲ್ಲಿ ಇನ್ನೂ ಬಿಸಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯ ಅವಧಿ 1968ರ ಮೇ 29ರವರೆಗೆ ನಡೆಯಿತು. ರಾಜ್ಯದ ಮುಖಚರ್ಯೆಯನ್ನು ರೂಪಿಸಿದ ಅನೇಕ ಕಾರ್ಯಗಳು ಈ ಆರು ವರ್ಷಗಳವು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯೆಂದು ಸಾರುವ ಕಾನೂನಾಯಿತು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ಬೆಂಗಳೂರು ವಿಶ್ವವಿದ್ಯಾನಿಲಯವೂ ಆರಂಭವಾದುವು. ಅದೇ ವರ್ಷ ಮೇ 22ರಂದು ಆಲಮಟ್ಟಿಯಲ್ಲಿ ಶ್ರೀ ಲಾಲ್ ಬಹಾದುರ್ ಶಾಸ್ತ್ರಿಯವರಿಂದ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆಯಾಯಿತು. ಶಾಸ್ತ್ರಿಯವರು ಪ್ರಧಾನಮಂತ್ರಿಗಳಾದುದು ಅದಾದ ಕೆಲವೇ ದಿನಗಳಲ್ಲಿ. 1965ರ ಜನವರಿಯಲ್ಲಿ ಅವರೇ ಬಂದು ಶರಾವತಿಯ ವಿದ್ಯುತ್ತನ್ನು ನಾಡಿಗೆ ಒಪ್ಪಿಸಿದರು. ಜೋಗದ ಕೊಳ್ಳದಲ್ಲಿ ಹುಟ್ಟಿದ ಆ ಶಕ್ತಿ ಮಲೆನಾಡಿನಿಂದ ಬಯಲಿಗೆ, ಹಳೆಯ ಮೈಸೂರಿನಿಂದ ಉತ್ತರದ ಜಿಲ್ಲೆಗಳಿಗೆ ಹರಿಯಿತು. 1961ರಲ್ಲಿ ಜತ್ತಿಯವರ ಕಾಲದಲ್ಲಿ ಅಂಗೀಕಾರವಾಗಿದ್ದ ಭೂಸುಧಾರಣಾ ಕಾನೂನು 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ಆ ಕಾನೂನಿನಲ್ಲಿ ಗೇಣಿದಾರರಿಗಿಂತ ಒಡೆಯರಿಗೆ ಅನುಕೂಲವಾದ ಸಂದುಗಳು ಬಹಳವಿದ್ದುವು. ಉಳುವವನಿಗೆ ಭೂಮಿ ನಿಜವಾಗಿ ಕೈಸೇರುವುದಕ್ಕೆ ಇನ್ನೊಂದು ದಶಕವೂ, ಬೇರೊಬ್ಬ ಮುಖ್ಯಮಂತ್ರಿಯೂ ಬೇಕಾಯಿತು. ನಿಜಲಿಂಗಪ್ಪನವರ ಬೆಂಬಲದ ಬೇರು ಜಮೀನುಳ್ಳ ರೈತವರ್ಗದಲ್ಲಿದ್ದಿತು. ಆ ಬೇರನ್ನು ಅಲುಗಿಸುವ ಸಾಹಸಕ್ಕೆ ಅವರು ಕೈಹಾಕಲಿಲ್ಲ.

1966ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದೊಡನೆ ಇದ್ದ ಗಡಿವ್ಯಾಜ್ಯಕ್ಕಾಗಿ ನ್ಯಾಯಮೂರ್ತಿ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಕವಾಯಿತು. 1967ರ ವರದಿ ಬೆಳಗಾವಿ ನಗರವನ್ನು ಮೈಸೂರಿಗೇ ಉಳಿಸಿತು. 264 ಹಳ್ಳಿಗಳು ಮಹಾರಾಷ್ಟ್ರಕ್ಕೂ 247 ಹಳ್ಳಿಗಳು ಮೈಸೂರಿಗೂ ಸೇರಬೇಕೆಂದಿತು. ಕಾಸರಗೋಡಿನ ಮೇಲೆ ಕನ್ನಡಿಗರ ಹಕ್ಕನ್ನು ಒಪ್ಪಿತು. ಆಯೋಗಕ್ಕಾಗಿ ಹಟ ಹಿಡಿದಿದ್ದ ಮಹಾರಾಷ್ಟ್ರವೇ ವರದಿಯನ್ನು ನಿರಾಕರಿಸಿತು. ವರದಿ ಕಡತ ಸೇರಿತು. ಕಾಸರಗೋಡು ಕೇರಳದಲ್ಲಿಯೇ ಉಳಿಯಿತು. ಏಕೀಕರಣಕ್ಕಾಗಿ ಅರ್ಧ ಆಯುಷ್ಯವನ್ನು ಸವೆಸಿದವರಿಗೆ ಇದು ತೀರದ ಕೊರಗಾಗಿದ್ದರೆ ಆಶ್ಚರ್ಯವಿಲ್ಲ.

1967ರಲ್ಲಿ ಅವರ ಸರಕಾರವು ಪಾನನಿರೋಧವನ್ನು ರದ್ದುಪಡಿಸಿತು. ತುರುವನೂರಿನ ಈಚಲ ಮರಗಳು ಇಲ್ಲಿ ಮತ್ತೆ ಎದುರಾಗುತ್ತವೆ. ಆಡಳಿತದ ಕಾರಣಗಳು ಇಲ್ಲದೆ ಇರಲಿಲ್ಲ: ಕಳ್ಳಭಟ್ಟಿ ಹಳ್ಳಿಹಳ್ಳಿಗೂ ಹಬ್ಬಿದ್ದಿತು, ಪೋಲೀಸಿನವರ ಕೈ ಕೆಟ್ಟಿದ್ದಿತು, ಬೊಕ್ಕಸವು ಬರಿದಾಗಿ ಯೋಜನೆಗಳಿಗೆ ಹಣವಿರಲಿಲ್ಲ. ಈ ವಾದಗಳನ್ನು ಸುಳ್ಳೆನ್ನಲಾಗದು. ಆದರೆ 1939ರಲ್ಲಿ ಮಹಾರಾಜರ ಸರಕಾರಕ್ಕೂ ಸೇಂದಿಯ ಉತ್ಪನ್ನ ಬೇಕಾಗಿದ್ದುದು ಬೊಕ್ಕಸದ ಕಾರಣಕ್ಕೇ. ಮರ ಕಡಿದು ಸೆರೆಮನೆ ಕಂಡ ಕೈಯೇ ಮರಕ್ಕೆ ಮಡಕೆ ಕಟ್ಟಲು ಅನುಮತಿ ಕೊಟ್ಟಿತು. ಆತ್ಮಸಾಕ್ಷಿಗೂ ಖಜಾನೆಗೂ ನಡೆದ ಈ ವ್ಯವಹಾರದಲ್ಲಿ ಖಜಾನೆ ಗೆದ್ದಿತೆಂದು ಹೇಳದೆ ವಿಧಿಯಿಲ್ಲ.

1967ರ ಮಹಾಚುನಾವಣೆಯಲ್ಲಿ ಅವರು ಧಾರವಾಡ ಜಿಲ್ಲೆಯ ಶಿಗ್ಗಾಂವಿಯಿಂದ ಆಯ್ಕೆಯಾದರು. ಮೊಳಕಾಲ್ಮುರು, ಬಾಗಿಲುಕೋಟೆ, ಶಿಗ್ಗಾಂವಿ: ಮೂರು ವಿಧಾನಸಭೆಗಳಲ್ಲಿ ಮೂರು ಕ್ಷೇತ್ರ, ಕೊನೆಯ ಎರಡೂ ಹಿಂದಿನ ಮುಂಬಯಿ ಪ್ರಾಂತ್ಯದವು. ಕಾಲಿಗೊಂದು ನೆಲೆಯಿಲ್ಲದ ರಾಜಕಾರಣಿಯೆಂದು ಇದನ್ನು ಕಂಡು ನಕ್ಕವರಿದ್ದರು. ಇಡೀ ನಾಡೇ ನೆಲೆಯಾದವರೆಂದು ಕೊಂಡಾಡಿದವರೂ ಇದ್ದರು. ಆ ವರ್ಷ ಕಾಂಗ್ರೆಸ್ಸು ಎಂಟು ರಾಜ್ಯಗಳಲ್ಲಿ ನೆಲೆ ಕಳೆದುಕೊಂಡರೂ ಮೈಸೂರಿನಲ್ಲಿ 216ರಲ್ಲಿ 126 ಸ್ಥಾನಗಳನ್ನು ಗಳಿಸಿ ಉಳಿಯಿತು. ಪಕ್ಷದ ಅಖಿಲ ಭಾರತ ಅಧ್ಯಕ್ಷರಾಗಿದ್ದ ಶ್ರೀ ಕಾಮರಾಜರೇ ತಮ್ಮ ವಿರುಧುನಗರದಲ್ಲಿ ಸೋತಿದ್ದರು. ಅವರ ತರುವಾಯ 1968ರಲ್ಲಿ ಆ ಪೀಠಕ್ಕೆ ಬಂದವರು ನಿಜಲಿಂಗಪ್ಪನವರು. ಕೆಲವು ತಿಂಗಳು ಎರಡು ಹೊಣೆಗಳನ್ನೂ ಹೊತ್ತು, ಆಮೇಲೆ ಮುಖ್ಯಮಂತ್ರಿ ಸ್ಥಾನವನ್ನು ಶ್ರೀ ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟು ದಿಲ್ಲಿಗೆ ತೆರಳಿದರು.

ದಿಲ್ಲಿಯ ದಿನಗಳು ಅವರಿಗೆ ಒಗ್ಗಲಿಲ್ಲ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಉತ್ತರಾಧಿಕಾರಿಯ ಪ್ರಶ್ನೆಯ ಮೇಲೆ ಪಕ್ಷವು ಸೀಳಿತು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಅಖಿಲ ಭಾರತ ಸಮಿತಿ ಸೇರಿದ ಸಂದರ್ಭದಲ್ಲಿ ಶ್ರೀ ನೀಲಂ ಸಂಜೀವ ರೆಡ್ಡಿಯವರನ್ನು ಅಧಿಕೃತ ಉಮೇದುವಾರರೆಂದು ಪಕ್ಷದ ಸಂಸದೀಯ ಮಂಡಳಿ ನಿರ್ಧರಿಸಿತು. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರಿಗೆ ಅದು ಸಮ್ಮತವಾಗಿರಲಿಲ್ಲ. ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಜನರ ಒಲವು ಅವರ ಕಡೆ ಹರಿಯಿತು. ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೇಳಲು ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಮುಖಂಡರನ್ನು ಸಂಪರ್ಕಿಸಿದುದು ದೊಡ್ಡ ತಪ್ಪಾಯಿತು. ಎದುರು ಪಕ್ಷಗಳೊಡನೆ ಗುಟ್ಟಿನ ಒಪ್ಪಂದವೆಂಬ ಅಪವಾದಕ್ಕೆ ಅದು ಅವಕಾಶ ಕೊಟ್ಟಿತು. ಆತ್ಮಸಾಕ್ಷಿಯ ಮತವೆಂಬ ಘೋಷಣೆಯ ಬಲದಿಂದ ಶ್ರೀ ವಿ. ವಿ. ಗಿರಿಯವರು ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾರ್ಯಸಮಿತಿಯು ದೇಶದ ಪ್ರಧಾನಮಂತ್ರಿಯನ್ನೇ ಪಕ್ಷದಿಂದ ಹೊರಹಾಕಿತು. ಪಕ್ಷದ ನಿಬಂಧನೆಗಳು ಅವರ ಕಡೆ ಇದ್ದಿರಬಹುದು, ಜನರು ಇರಲಿಲ್ಲ. ಹೊಸದುರ್ಗದಲ್ಲಿ ಒಮ್ಮೆ ಕಲಿತ ಪಾಠವನ್ನು ಅವರು ಈ ವೇಳೆಗೆ ಮರೆತಿದ್ದರೋ, ಅಥವಾ ಸುತ್ತಲಿದ್ದ ಹಿರಿಯರ ಒತ್ತಾಯಕ್ಕೆ ಕಟ್ಟುಬಿದ್ದರೋ ಹೇಳುವುದು ಕಷ್ಟ. ಅದೇ ವರ್ಷ ಡಿಸೆಂಬರ್ 25ರಂದು ಶ್ರೀ ಕಂಠಿಯವರು ನಿಧನಹೊಂದಿದರು.

ತೀರ್ಪು ಬರುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. 1971ರ ಮಾರ್ಚ್‌ನ ಲೋಕಸಭಾ ಚುನಾವಣೆಯಲ್ಲಿ ಮೈಸೂರಿನ 27 ಸ್ಥಾನಗಳಿಗೆ 27ನ್ನೂ ಇಂದಿರಾ ಗಾಂಧಿಯವರ ಪಕ್ಷ ಗೆದ್ದಿತು. ವೀರೇಂದ್ರ ಪಾಟೀಲರ ಸರಕಾರ ಬಿದ್ದಿತು. 1972ರಲ್ಲಿ ಶ್ರೀ ದೇವರಾಜ ಅರಸರ ಮುಂದಾಳುತನದಲ್ಲಿ ಆ ಪಕ್ಷಕ್ಕೆ ವಿಧಾನಸಭೆಯ 165 ಸ್ಥಾನಗಳು ದೊರೆತಾಗ, ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ ಉಳಿದುದು 24. ಏಕೀಕರಣದ ತಲೆಮಾರಿನ ರಾಜಕಾರಣ ಅಲ್ಲಿಗೆ ಮುಗಿಯಿತು.

ಆಗ ಅವರಿಗೆ ವಯಸ್ಸು ಎಪ್ಪತ್ತು. ಇನ್ನೂ ಇಪ್ಪತ್ತೆಂಟು ವರ್ಷದ ಆಯುಷ್ಯ ಮುಂದಿದ್ದಿತು. ಪದವಿಗಾಗಿ ಹಲುಬುವ, ದಿನಕ್ಕೊಂದು ಪಕ್ಷದ ಬಾಗಿಲು ತಟ್ಟುವ ವೃದ್ಧಾಪ್ಯವನ್ನು ನಾಡು ಬೇರೆಯವರಲ್ಲಿ ಬೇಕಾದಷ್ಟು ಕಂಡಿದೆ. ಇವರು ಚಿತ್ರದುರ್ಗಕ್ಕೆ ಮರಳಿ ತಮ್ಮ ಮನೆಯಲ್ಲಿ ಸರಳವಾಗಿ ಬಾಳಿದರು. ಸರ್ದಾರ್ ವಲ್ಲಭಭಾಯಿ ಪಟೇಲರ ಸ್ಮಾರಕ ಸಂಸ್ಥೆಯ ಕೆಲಸವನ್ನು ಮೈಮೇಲೆ ಹಾಕಿಕೊಂಡರು. ಇಂಗ್ಲಿಷಿನಲ್ಲಿ ಆತ್ಮಕಥೆಯನ್ನು ಬರೆದರು. ಎರಡು ಅವಧಿ ರಾಜ್ಯವಾಳಿದವರು ಅಧಿಕಾರದಿಂದ ಇಳಿದ ಮೇಲೆ ಹಣದ ವಿಷಯದಲ್ಲಿ ಯಾರಿಂದಲೂ ಬೆರಳು ತೋರಿಸಿಕೊಳ್ಳದೆ ಮೂರು ದಶಕ ಒಂದೇ ಊರಿನಲ್ಲಿ ತಲೆಯೆತ್ತಿ ಬಾಳಿದುದು ಸಾಮಾನ್ಯ ಸಿದ್ಧಿಯಲ್ಲ.

2000ನೆಯ ಇಸವಿ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ಅವರು ಲಿಂಗೈಕ್ಯರಾದರು. ಊರಿನ ಸಮೀಪದ ಸೀಬಾರದಲ್ಲಿ ಅವರ ಸಮಾಧಿಯಿದೆ. ಬಾಗಿಲುಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದವರು ಕಟ್ಟಿದ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಅವರ ಹೆಸರಿಟ್ಟಿದ್ದಾರೆ.